ನಡುರಾತ್ರಿ ಕಾಲು ಹಿಡಿದಾಗ

ರಾತ್ರಿ ಎರಡೂವರೆ ಗಂಟೆ. ಗಾಢ ನಿದ್ರೆಯಲ್ಲಿದ್ದ ನಿವೃತ್ತ ಮೇಷ್ಟರು ಮಗ್ಗುಲು ಬದಲಿಸುತ್ತ ಕಾಲು ನೀಡಿ ಮೈಮುರಿದದ್ದೇ ತಡ, ಬಲಗಾಲಿನ ಮೀನಖಂಡವನ್ನು ಯಾರೋ ಇಕ್ಕಳದಲ್ಲಿ ಹಿಡಿದು ತಿರುಚಿದಂತಾಯಿತು. ‘ಅಯ್ಯಯ್ಯೋ’ ಎಂದು ಕೂಗಿ ಎದ್ದು ಕುಳಿತರು. ಮುಟ್ಟಿ ನೋಡಿದರೆ ಕಾಲಿನ ಹಿಂಭಾಗದಲ್ಲಿ ಕಲ್ಲಿನಂಥ ಗಂಟು. ಪಾದ ತಾನಾಗಿಯೇ ಕೆಳಕ್ಕೆ ಬಾಗಿ ಬಿಗಿದು ನಿಂತಿದೆ. ಪಕ್ಕದಲ್ಲಿದ್ದ ಹೆಂಡತಿ ‘ಏನ್ರೀ, ಏನಾಯ್ತು?’ ಎನ್ನುತ್ತ ದೀಪ ಹಾಕುವಷ್ಟರಲ್ಲಿ ಮೇಷ್ಟರು ಮಂಚದಿಂದ ಇಳಿದು ಒಂಟಿಕಾಲಿನಲ್ಲಿ ಕುಂಟುತ್ತ ಗೋಡೆ ಹಿಡಿಯಲು ಹೋಗಿ, ಕಾಲೊರಸು ಬಟ್ಟೆಗೆ ತೊಡರಿ ಮುಗ್ಗರಿಸಿದರು. ಪುಣ್ಯಕ್ಕೆ ಬೀಳಲಿಲ್ಲ. ಮೂರು ನಾಲ್ಕು ನಿಮಿಷದಲ್ಲಿ ನೋವು ಬಂದ ಹಾಗೆಯೇ ಹೋಯಿತು. ಬೆಳಿಗ್ಗೆ ಕಾಫಿ ಕೊಡುವಾಗ ಹೆಂಡತಿ ‘ಇವತ್ತಾದರೂ ಡಾಕ್ಟ್ರಿಗೆ ತೋರಿಸಿ’ ಎಂದರೆ, ‘ವಯಸ್ಸಾಯಿತಲ್ಲ, ನರದೌರ್ಬಲ್ಯ. ಇದಕ್ಕೆಲ್ಲ ಡಾಕ್ಟ್ರೇಕೆ?’ ಎಂದು ಮೇಷ್ಟರು ಪೇಪರು ಬಿಡಿಸಿದರು.

ಇದು ಯಾವ ಊರಿನ, ಯಾವ ಮನೆಯಲ್ಲಾದರೂ ನಡೆಯಬಹುದಾದ ಸಂಗತಿ. ಅರವತ್ತು ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಆಗಾಗ ಇಂಥ ಸೆಳೆತ ಅನುಭವಿಸುತ್ತಾರೆಂದು ಹೊರದೇಶಗಳ ಸಮೀಕ್ಷೆಗಳು ಹೇಳುತ್ತವೆ. ತುಂಬು ಗರ್ಭಿಣಿಯರಿಗೂ ಇದು ಪರಿಚಿತ. ದಿನವಿಡೀ ನಿಂತೇ ಕೆಲಸ ಮಾಡುವ ಬಸ್ ಕಂಡಕ್ಟರ್, ಶಾಲೆಯ ಟೀಚರ್, ಕೆಸರುಗದ್ದೆಯಲ್ಲಿ ನಾಟಿ ಮಾಡಿ ಬಂದ ಹೆಣ್ಣುಮಗಳು, ಯಾರನ್ನೂ ಇದು ಬಿಡುವುದಿಲ್ಲ. ಆದರೂ ಆಸ್ಪತ್ರೆಯಲ್ಲಿ ಇದರ ಮಾತೆತ್ತುವವರು ಕಡಿಮೆ. ಬೆಳಗಾಗುವಷ್ಟರಲ್ಲಿ ನೋವು ಹೋಗಿರುತ್ತದೆ; ಹೋದ ನೋವನ್ನು ತೋರಿಸುವುದಾದರೂ ಹೇಗೆ?

ಮೇಷ್ಟರ ಮಾತಿನಲ್ಲಿ ಎರಡು ತಪ್ಪುಗಳಿವೆ. ಇದು ‘ನರದೌರ್ಬಲ್ಯ’ ಎಂಬುದು ಮೊದಲನೆಯದು. ಡಾಕ್ಟರಿಗೆ ಹೇಳುವ ಅಗತ್ಯವಿಲ್ಲ ಎಂಬುದು ಎರಡನೆಯದು.

ಆಗುವುದೇನು?

ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ ಮೀನಖಂಡ ದೇಹದ ಬಲವಾದ ಸ್ನಾಯುಗಳಲ್ಲೊಂದು. ನಡೆಯುವಾಗ ಹಿಮ್ಮಡಿಯನ್ನು ಮೇಲಕ್ಕೆತ್ತಿ ಇಡೀ ಮೈಭಾರವನ್ನು ಮುಂದಕ್ಕೆ ತಳ್ಳುವುದು ಇದೇ. ಸ್ನಾಯುವಿಗೆ ‘ಕುಗ್ಗು’ ಎಂಬ ಆಜ್ಞೆ ನರದ ಮೂಲಕ ಬರುತ್ತದೆ. ಕೆಲಸ ಮುಗಿದೊಡನೆ ಆಜ್ಞೆ ನಿಂತು ಸ್ನಾಯು ಸಡಿಲಗೊಳ್ಳುತ್ತದೆ. ಸೆಳೆತ ಬಂದಾಗ ಯಾರೂ ಕೇಳದಿದ್ದರೂ ನರ ಒಂದೇ ಸಮನೆ ಆಜ್ಞೆಗಳ ಮಳೆಗರೆಯುತ್ತದೆ. ಸ್ನಾಯು ಬಿಗಿಯುತ್ತಲೇ ಹೋಗಿ ಗಂಟಾಗುತ್ತದೆ. ನರ ದುರ್ಬಲವಾಗಿ ಕೈಚೆಲ್ಲಿ ಕೂತಿದ್ದರೆ ಇಷ್ಟು ಬಲವಾದ ಬಿಗಿತ ಹುಟ್ಟುತ್ತಲೇ ಇರಲಿಲ್ಲ. ಆದ್ದರಿಂದ ನರದೌರ್ಬಲ್ಯಕ್ಕೆಂದು ಮಾರುವ ಟಾನಿಕ್ಕುಗಳಿಂದಲೂ, ‘ಶಕ್ತಿ ಇಂಜೆಕ್ಷನ್’ಗಳಿಂದಲೂ ಇದು ಗುಣವಾಗುತ್ತದೆಂದು ನಂಬಿ ದುಡ್ಡು ಸುರಿಯಬೇಕಾಗಿಲ್ಲ.

ರಾತ್ರಿಯೇ ಏಕೆ? ಮಲಗಿದಾಗ ಪಾದ ಸಹಜವಾಗಿ ಕೆಳಕ್ಕೆ ಬಾಗಿರುತ್ತದೆ. ಬೋರಲು ಮಲಗಿದರೆ, ಭಾರದ ಕಂಬಳಿಯನ್ನು ಬಿಗಿಯಾಗಿ ಹೊದ್ದರೆ ಇನ್ನೂ ಹೆಚ್ಚು. ಆಗ ಮೀನಖಂಡ ಮೊದಲೇ ಗಿಡ್ಡವಾಗಿರುತ್ತದೆ. ಅಂಥ ಹೊತ್ತಿನಲ್ಲಿ ಮೈಮುರಿದು ಕಾಲು ಚಾಚಿದರೆ, ಕುಗ್ಗಿದ ಸ್ನಾಯು ಮತ್ತೂ ಕುಗ್ಗಿ ಹಿಡಿದುಕೊಳ್ಳುತ್ತದೆ. ಅಂಗಾಲಿನ ಕಮಾನಿನಲ್ಲಿ, ಕಾಲ್ಬೆರಳುಗಳಲ್ಲಿ, ತೊಡೆಯ ಹಿಂಭಾಗದಲ್ಲಿ ಬರುವ ಸೆಳೆತವೂ ಇದೇ ಜಾತಿಯದು. ವಯಸ್ಸಾದಂತೆ ಸ್ನಾಯು ಸೊರಗಿ ಸ್ನಾಯುರಜ್ಜು ಬಿಗಿಯುವುದರಿಂದ ಮುಪ್ಪಿನಲ್ಲಿ ಇದರ ಹಾವಳಿ ಹೆಚ್ಚು.

ಕುಕ್ಕರಗಾಲಿನಲ್ಲಿ ಕೂರುವ ಅಭ್ಯಾಸ ತಪ್ಪಿದ್ದೂ ಒಂದು ಕಾರಣವಿರಬಹುದೆಂಬ ಊಹೆ ವೈದ್ಯರಲ್ಲಿದೆ. ಹಿಂದೆ ಒಲೆಯ ಮುಂದೆ, ಬಾವಿಕಟ್ಟೆಯ ಬಳಿ, ಬಯಲಲ್ಲಿ ಕೂತು ಏಳುವಾಗಲೆಲ್ಲ ಮೀನಖಂಡ ಪೂರ್ತಿ ಹಿಗ್ಗುತ್ತಿತ್ತು. ಈಗ ಅಡುಗೆಗೆ ಕಟ್ಟೆ, ಊಟಕ್ಕೆ ಮೇಜು, ಶೌಚಕ್ಕೆ ಕಮೋಡು. ಇದು ಸಿದ್ಧಪಟ್ಟ ಮಾತಲ್ಲ. ಮಂಡಿ ಸವೆದವರು ಇದನ್ನೋದಿ ಕುಕ್ಕರಗಾಲಿಗೆ ಇಳಿಯುವುದೂ ಬೇಡ. ಆದರೆ ಹಿಗ್ಗದ ಸ್ನಾಯು ಹಿಡಿದುಕೊಳ್ಳುತ್ತದೆ ಎಂಬ ಸುಳಿವು ಇದರಲ್ಲಿದೆ. ಪರಿಹಾರದ ದಾರಿಯೂ ಅಲ್ಲಿಂದಲೇ ಹೊರಡುತ್ತದೆ.

ಹಿಡಿದಾಗ ಏನು ಮಾಡಬೇಕು?

ಮೊದಲನೆಯ ಮಾತು, ಗಾಬರಿಯಿಂದ ಮಂಚದಿಂದ ಧುಮುಕಬಾರದು. ಸೆಳೆತದಿಂದ ಯಾರಿಗೂ ಪ್ರಾಣಾಪಾಯವಿಲ್ಲ. ಕತ್ತಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ವಯಸ್ಸಾದವರು ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಗುತ್ತದೆ.

ಕೂತಲ್ಲೇ ಮೊಣಕಾಲನ್ನು ನೇರ ಮಾಡಿ, ಕಾಲ್ಬೆರಳುಗಳನ್ನು ಕೈಯಿಂದ ಹಿಡಿದು ಪಾದವನ್ನು ನಿಧಾನವಾಗಿ ಮೊಣಕಾಲಿನ ಕಡೆಗೆ ಎಳೆದುಕೊಳ್ಳಬೇಕು. ಕೈ ಎಟುಕದಿದ್ದರೆ ದಿಂಬಿನ ಪಕ್ಕದಲ್ಲಿ ಒಂದು ಟವೆಲ್ಲು ಇಟ್ಟುಕೊಂಡಿದ್ದು, ಅದನ್ನು ಪಾದದ ಮುಂಭಾಗಕ್ಕೆ ಸುತ್ತಿ ಎರಡೂ ತುದಿ ಹಿಡಿದು ಎಳೆಯಬಹುದು. ಮನೆಯವರು ನೆರವಿಗೆ ಬಂದರೆ ಅವರೂ ಮಾಡಬೇಕಾದದ್ದು ಇಷ್ಟೆ: ಪಾದವನ್ನು ಮೇಲಕ್ಕೆ ತಳ್ಳಿ ಹಿಡಿಯುವುದು. ಜೋರಾಗಿ ಜಗ್ಗಬಾರದು, ಕುಲುಕಬಾರದು. ಅರ್ಧ ನಿಮಿಷದಿಂದ ಒಂದು ನಿಮಿಷದಲ್ಲಿ ಗಂಟು ಸಡಿಲವಾಗತೊಡಗುತ್ತದೆ. ಆಮೇಲೆ ಅಂಗೈಯಿಂದ ಮೃದುವಾಗಿ ನೀವಬಹುದು. ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಹಚ್ಚಿದರೆ ತೊಂದರೆಯಿಲ್ಲ. ಅಲ್ಲಿ ಕೆಲಸ ಮಾಡುವುದು ಎಣ್ಣೆಗಿಂತ ಹೆಚ್ಚಾಗಿ ನೀವುವ ಕೈ. ಬಿಸಿನೀರಿನ ಚೀಲದ ಶಾಖವೂ ಹಿತ. ಆದರೆ ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಮಂದವಾದವರು ಶಾಖ ಕೊಟ್ಟುಕೊಳ್ಳಬಾರದು. ಚರ್ಮ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಸೆಳೆತ ಬಿಟ್ಟ ಮೇಲೆ ಒಂದೆರಡು ದಿನ ಮೀನಖಂಡ ನೋಯುವುದುಂಟು. ಅದಕ್ಕೆ ಹೆದರಬೇಕಿಲ್ಲ.

ಮಲಗುವ ಮುನ್ನ ಐದು ನಿಮಿಷ

2012ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ರಾತ್ರಿ ಸೆಳೆತದಿಂದ ಬಳಲುತ್ತಿದ್ದ, ಐವತ್ತೈದು ದಾಟಿದ 80 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಆರು ವಾರ ಪ್ರತಿ ರಾತ್ರಿ ಮಲಗುವ ಮುಂಚೆ ಮೀನಖಂಡವನ್ನೂ ತೊಡೆಯ ಹಿಂಭಾಗವನ್ನೂ ಹಿಗ್ಗಿಸುವ ವ್ಯಾಯಾಮ ಮಾಡಿದರು. ಅವರಲ್ಲಿ ಸೆಳೆತ ಬರುವುದೂ, ಬಂದಾಗಿನ ನೋವೂ ಇನ್ನೊಂದು ಗುಂಪಿಗಿಂತ ಕಡಿಮೆಯಾಯಿತು. ಇದಕ್ಕೆ ಮುಂಚೆ 2005ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪ್ರಯೋಗದಲ್ಲಿ ಮೀನಖಂಡದ ವ್ಯಾಯಾಮದಿಂದ ಹೇಳಿಕೊಳ್ಳುವಂಥ ಲಾಭ ಕಂಡಿರಲಿಲ್ಲ ಎಂಬುದನ್ನೂ ಹೇಳಬೇಕು. ಎಲ್ಲರಿಗೂ ಫಲಿಸುತ್ತದೆಂಬ ಖಾತರಿಯಿಲ್ಲ. ಆದರೆ ಖರ್ಚಿಲ್ಲದ, ಅಪಾಯವಿಲ್ಲದ ಉಪಾಯ ಇದೊಂದೇ ಆದ್ದರಿಂದ ಮೊದಲು ಮಾಡಿ ನೋಡಬೇಕಾದದ್ದೂ ಇದನ್ನೇ.

ಗೋಡೆಯಿಂದ ಎರಡು ಮೂರು ಅಡಿ ದೂರ, ಗೋಡೆಗೆ ಮುಖ ಮಾಡಿ ನಿಲ್ಲಿ. ಎರಡೂ ಅಂಗೈ ಗೋಡೆಯ ಮೇಲಿರಲಿ. ಒಂದು ಕಾಲನ್ನು ಹಿಂದಕ್ಕಿಟ್ಟು, ಅದರ ಮೊಣಕಾಲು ಬಾಗದಂತೆ, ಹಿಮ್ಮಡಿ ನೆಲ ಬಿಡದಂತೆ ಮೈಯನ್ನು ಮುಂದಕ್ಕೆ ವಾಲಿಸಿ. ಮೀನಖಂಡ ಎಳೆದಂತಾಗಬೇಕು, ನೋಯಬಾರದು. ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ ಬಿಡಿ. ಪ್ರತಿ ಕಾಲಿಗೂ ಮೂರು ಸಲ. ನಂತರ ಹಾಸಿಗೆಯ ಮೇಲೆ ಕಾಲು ನೀಡಿ ಕೂತು, ಮೊಣಕಾಲು ಬಗ್ಗಿಸದೆ ಸೊಂಟದಿಂದ ಮುಂದಕ್ಕೆ ಬಾಗಿದರೆ ತೊಡೆಯ ಹಿಂಭಾಗಕ್ಕೆ ವ್ಯಾಯಾಮವಾಯಿತು. ಅಂಗಾಲು ಹಿಡಿಯುವವರು ಕಾಲ್ಬೆರಳುಗಳನ್ನು ಹಿಂದಕ್ಕೆ ಮಡಿಸಿ ಹಿಡಿಯುವುದನ್ನೂ ಸೇರಿಸಿಕೊಳ್ಳಬಹುದು. ನಿಂತರೆ ತೂಗಾಡುವ ವಯೋವೃದ್ಧರಿಗೆ ಕೂತಲ್ಲಿಯೇ ಟವೆಲ್ಲಿನ ವ್ಯಾಯಾಮ ಸಾಕು.

ಹೊದಿಕೆಯನ್ನು ಕಾಲ ಬಳಿ ಸಡಿಲ ಬಿಡುವುದು, ಮೈಮುರಿಯುವಾಗ ಪಾದವನ್ನು ಕೆಳಕ್ಕೆ ಚಾಚದೆ ಹಿಮ್ಮಡಿಯನ್ನು ಮುಂದೊತ್ತುವುದು, ಇವು ಚಿಕ್ಕ ಉಪಾಯಗಳು. ಬೇಸಿಗೆಯಲ್ಲಿ ಸೆಳೆತ ಹೆಚ್ಚೆಂದು ಹಳಬರು ಹೇಳುವುದುಂಟು. ಕೆನಡಾದಲ್ಲಿ ನಡೆದ ಅಧ್ಯಯನವೂ ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಇದರ ಕಾಟ ಹೆಚ್ಚೆಂದು 2015ರಲ್ಲಿ ತೋರಿಸಿದೆ. ಬಿಸಿಲಲ್ಲಿ ಬೆವರು ಸುರಿಸಿ ದುಡಿಯುವವರಿಗೆ ನೀರಿನ ಜೊತೆ ಉಪ್ಪೂ ನಷ್ಟವಾಗುವುದರಿಂದ ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ, ಎಳನೀರು ಒಳ್ಳೆಯದು. ಆದರೆ ರಕ್ತದೊತ್ತಡವಿರುವವರಿಗೆ ಉಪ್ಪು, ಮೂತ್ರಪಿಂಡದ ಕಾಯಿಲೆಯವರಿಗೆ ಎಳನೀರು ಹಿತವಲ್ಲ.

ಮಾತ್ರೆ ಡಬ್ಬಿಯಲ್ಲೇ ಕಾರಣವಿದ್ದರೆ?

ಈಗ ಮೇಷ್ಟರ ಎರಡನೆಯ ತಪ್ಪಿಗೆ ಬರೋಣ. ರಾತ್ರಿ ಸೆಳೆತಕ್ಕೆ ಬಹುಮಟ್ಟಿಗೆ ಕಾರಣ ಸಿಗುವುದಿಲ್ಲ ನಿಜ. ಆದರೆ ಕೆಲವರಲ್ಲಿ ಕಾರಣ ಅವರ ಕಿಟಕಿಯ ಮೇಲಿನ ಮಾತ್ರೆ ಡಬ್ಬಿಯಲ್ಲೇ ಇರುತ್ತದೆ. ರಕ್ತದೊತ್ತಡಕ್ಕೆ, ಕಾಲಿನ ಊತಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು, ಅಸ್ತಮಾಕ್ಕೆ ಸೇದುವ ದೀರ್ಘಾವಧಿಯ ಕೆಲವು ಔಷಧಗಳು ಸೆಳೆತ ತರಬಲ್ಲವು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳಿಂದಲೂ ಕೆಲವರಿಗೆ ಸ್ನಾಯು ನೋವು ಬರುವುದುಂಟು. ‘ಹೊಸ ಮಾತ್ರೆ ಶುರುವಾದ ಮೇಲೆ ಕಾಲು ಹಿಡಿಯುತ್ತಿದೆ’ ಎಂಬ ಒಂದು ಮಾತು ವೈದ್ಯರಿಗೆ ದೊಡ್ಡ ಸುಳಿವು. ಅವರು ಮಾತ್ರೆ ಬದಲಿಸಬಹುದು, ಪ್ರಮಾಣ ತಗ್ಗಿಸಬಹುದು. ತಾವೇ ನಿಲ್ಲಿಸುವುದು ಮಾತ್ರ ಸೆಳೆತಕ್ಕಿಂತ ದೊಡ್ಡ ಅಪಾಯ.

ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರುವವರಲ್ಲೂ ಸೆಳೆತ ಹೆಚ್ಚು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗಂತೂ ಇದು ಗೊತ್ತಿರುವ ಕಷ್ಟವೇ. ಪದೇ ಪದೇ ಸೆಳೆತ ಬರುತ್ತಿದ್ದರೆ ಒಂದು ಸಾಧಾರಣ ರಕ್ತಪರೀಕ್ಷೆ ಇಂಥ ಕಾಯಿಲೆಗಳನ್ನು ಹೊರಗೆಡಹಬಹುದು.

ಹಾಗಾದರೆ ಸೆಳೆತಕ್ಕೇ ಮಾತ್ರೆಯಿಲ್ಲವೆ? ಒಂದಿತ್ತು. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್. ಬ್ರಿಟಿಷರು ನೀಲಗಿರಿಯಲ್ಲಿ ನೆಡಿಸಿದ ಸಿಂಕೋನಾ ಮರದ ತೊಗಟೆಯ ಕಹಿ ಸಾರವೇ ಅದು. ದಶಕಗಳ ಕಾಲ ಪಶ್ಚಿಮ ದೇಶಗಳಲ್ಲಿ ರಾತ್ರಿ ಸೆಳೆತಕ್ಕೆ ಇದನ್ನು ನುಂಗುತ್ತಿದ್ದರು. ಸೆಳೆತ ಸ್ವಲ್ಪ ಕಡಿಮೆಯಾಗುವುದೂ ನಿಜ. ಆದರೆ ಕೆಲವರಲ್ಲಿ ರಕ್ತದ ಪ್ಲೇಟ್‌ಲೆಟ್ ಕಣಗಳು ದಿಢೀರನೆ ಕುಸಿದು ರಕ್ತಸ್ರಾವವಾಗುವ, ಹೃದಯದ ಲಯ ತಪ್ಪುವ ಅಪಾಯ ಕಂಡುಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1994ರಲ್ಲಿ ಕಾಲಿನ ಸೆಳೆತಕ್ಕೆಂದು ಇದನ್ನು ಚೀಟಿಯಿಲ್ಲದೆ ಮಾರುವುದನ್ನು ತಡೆಯಿತು. ಕಾಲು ನೋವಿಗೆ ಪ್ರಾಣ ಒತ್ತೆಯಿಡುವುದು ಯಾವ ಲೆಕ್ಕದಲ್ಲೂ ಜಾಣತನವಲ್ಲ.

ಇನ್ನು ಮೆಗ್ನೀಸಿಯಂ. ಔಷಧದಂಗಡಿಗಳಲ್ಲಿ ಇದಕ್ಕೆ ಬೇಡಿಕೆ ಬಹಳ. ಆದರೆ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯ ಪ್ರಕಾರ ವಯಸ್ಸಾದವರ ಸೆಳೆತಕ್ಕೆ ಇದರಿಂದ ಗಣನೀಯ ಪ್ರಯೋಜನವಾಗುವ ಸಂಭವವಿಲ್ಲ. 2024ರಲ್ಲಿ ಚೀನಾದಲ್ಲಿ ಅರವತ್ತೈದು ದಾಟಿದ 199 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ‘ಕೆ2’ ಎಂಬ ಜೀವಸತ್ವದಿಂದ ಸೆಳೆತ ಇಳಿಯಿತು. ಆಸೆ ಹುಟ್ಟಿಸುವ ಸುದ್ದಿ. ಆದರೆ ಒಂದೇ ಪ್ರಯೋಗದಿಂದ ತೀರ್ಪು ಕೊಡಲಾಗದು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್‌ನಂಥ ಮಾತ್ರೆ ಸೇವಿಸುವವರು ಇದನ್ನು ತಾವಾಗಿ ಮುಟ್ಟಲೇಬಾರದು.

ಎಲ್ಲ ನೋವೂ ಸೆಳೆತವಲ್ಲ

ನಿಮಿಷಗಳಲ್ಲಿ ಬಿಟ್ಟುಹೋಗುವುದು, ಗಂಟು ಕೈಗೆ ಸಿಗುವುದು, ಎಳೆದರೆ ಸಡಿಲವಾಗುವುದು, ಇವು ಸೆಳೆತದ ಗುರುತು. ಒಂದೇ ಕಾಲು ಊದಿ, ಬಿಸಿಯಾಗಿ, ಕೆಂಪೇರಿ, ನೋವು ಬಿಡದೆ ಕಾಡಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರೂ ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿ ಬಾಣಂತಿಯರೂ, ಶಸ್ತ್ರಚಿಕಿತ್ಸೆಯಾಗಿ ಮಲಗಿದವರೂ ಇದನ್ನು ವಿಶೇಷವಾಗಿ ನೆನಪಿಡಬೇಕು. ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದು, ನಿಂತರೆ ಬಿಡುವುದಾದರೆ ಅದು ರಕ್ತನಾಳ ಕಿರಿದಾದುದರ ಸೂಚನೆ. ಬೀಡಿ ಸಿಗರೇಟು ಸೇದುವವರಲ್ಲಿ ಇದು ಹೆಚ್ಚು. ನೋವಿಲ್ಲದೆ, ಕಾಲು ಆಡಿಸುತ್ತಲೇ ಇರಬೇಕೆನಿಸುವ ಚಡಪಡಿಕೆ ಬೇರೆಯದೇ ತೊಂದರೆ. ಉರಿ, ಜೋಮು, ಬಲಹೀನತೆ ಇದ್ದರೂ ವೈದ್ಯರನ್ನು ಕಾಣಬೇಕು.

ಮೇಷ್ಟರು ಇಂದು ರಾತ್ರಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ಮಂಚದ ಬಳಿಯ ಕಾಲೊರಸು ಬಟ್ಟೆ ತೆಗೆಸಿ, ಕೈಗೆಟುಕುವಂತೆ ದೀಪದ ಸ್ವಿಚ್ಚೋ ಟಾರ್ಚೋ ಇಟ್ಟುಕೊಂಡು, ಗೋಡೆಗೆ ಕೈಕೊಟ್ಟು ಐದು ನಿಮಿಷ ನಿಲ್ಲಬೇಕು. ಮುಂದಿನ ಸಲ ರಕ್ತದೊತ್ತಡ ತೋರಿಸಲು ಹೋಗುವಾಗ ಮಾತ್ರೆ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, ‘ಡಾಕ್ಟ್ರೇ, ರಾತ್ರಿ ಕಾಲು ಹಿಡಿಯುತ್ತದೆ’ ಎಂದು ಬಾಯಿಬಿಟ್ಟು ಹೇಳಬೇಕು. ಅವರು ಮರೆತರೆ ಹೇಳಲು ಹೆಂಡತಿ ಜೊತೆಗಿದ್ದೇ ಇರುತ್ತಾರೆ. ನಡುರಾತ್ರಿ ಎದ್ದು ದೀಪ ಹಾಕಿದವರಲ್ಲವೆ, ನಿದ್ರೆ ಅವರಿಗೂ ಬೇಕು.