ಬುದ್ಧಿ ಹಲ್ಲು ಕೀಳಿಸುವ ಮುನ್ನ, ಕೀಳಿಸಿದ ಮೇಲೆ

ಹದಿನೆಂಟು ತುಂಬಿದರೆ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, ಡ್ರೈವಿಂಗ್ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಸರ್ಕಾರ ಕೊಡುವ ಈ ಎರಡು ಸವಲತ್ತುಗಳನ್ನು ನಾವಾಗಿ ಕೇಳಿ ಪಡೆಯಬೇಕು. ಆದರೆ ಅದೇ ವಯಸ್ಸಿನಲ್ಲಿ ಪ್ರಕೃತಿ ಕೇಳದೆಯೇ ಕೊಡುವ ಮತ್ತೊಂದು ಕೊಡುಗೆಯಿದೆ. ಅದೇ ದವಡೆಯ ಕಟ್ಟಕಡೆಯಲ್ಲಿ ಮೊಳೆಯುವ ಬುದ್ಧಿ ಹಲ್ಲು. ಪಿ.ಯು.ಸಿ., ಸಿ.ಇ.ಟಿ., ಡಿಗ್ರಿ ಪರೀಕ್ಷೆಗಳ ನಡುವೆಯೇ ಇದು ಹಾಜರಾಗುವುದು ವಿದ್ಯಾರ್ಥಿಗಳ ದುರದೃಷ್ಟವೆಂದೇ ಹೇಳಬೇಕು.

ಹಲ್ಲು ನೆಟ್ಟಗೆ ಬಂದರೆ ಯಾರಿಗೂ ಸುದ್ದಿಯೇ ಇಲ್ಲ. ಅಡ್ಡ ಬಂದರೆ ಮಾತ್ರ ಕಥೆ ಶುರುವಾಗುತ್ತದೆ. ಬಾಯಿ ತೆರೆಯಲಾಗದು, ನುಂಗಿದರೆ ನೋವು, ಕಿವಿಯವರೆಗೆ ಸೆಳೆತ. ಮಕ್ಕಳು ಹೇಳದೆ ಮುಚ್ಚಿಡುತ್ತಾರೆ. ಹೇಳಿದರೂ ಅನೇಕ ಮನೆಗಳಲ್ಲಿ ಮೆಡಿಕಲ್ ಶಾಪಿನಿಂದ ಒಂದು ಪಟ್ಟಿ ಮಾತ್ರೆ ತಂದು ಕೊಟ್ಟು, “ಪರೀಕ್ಷೆ ಮುಗಿಯಲಿ, ನೋಡೋಣ” ಎನ್ನುತ್ತಾರೆ. ನಾನು ವೈದ್ಯನಲ್ಲ, ವಿಜ್ಞಾನದ ಮೇಷ್ಟ್ರು. ಆದರೂ ಜೀವಶಾಸ್ತ್ರದ ಪಾಠದಲ್ಲಿ ಹಲ್ಲಿನ ಚಿತ್ರ ಬರೆಸಿದ ಮೇಲೆ ಮಕ್ಕಳೂ ಪಾಲಕರೂ ಕೇಳುವ ಪ್ರಶ್ನೆಗಳಿಗೆ ಉತ್ತರ ಒದಗಿಸುವುದು ಮೇಷ್ಟ್ರ ಕೆಲಸವೇ ತಾನೆ!

ಹೆಸರಿನಲ್ಲಷ್ಟೇ ಬುದ್ಧಿ

ಮನುಷ್ಯನ ಪೂರ್ಣ ಹಲ್ಲಿನ ಲೆಕ್ಕ ೩೨. ಅದರಲ್ಲಿ ೨೮ ಹಲ್ಲುಗಳು ಹನ್ನೆರಡು ಹದಿಮೂರನೆಯ ವಯಸ್ಸಿಗೆ ಬಂದು ನೆಲೆಯೂರುತ್ತವೆ. ಉಳಿದ ನಾಲ್ಕು, ಅಂದರೆ ಮೂರನೆಯ ದವಡೆ ಹಲ್ಲುಗಳು, ಸಾಮಾನ್ಯವಾಗಿ ೧೭ರಿಂದ ೨೫ರ ನಡುವೆ ತಲೆಯೆತ್ತುತ್ತವೆ. ಬುದ್ಧಿ ಬರುವ ವಯಸ್ಸಿನಲ್ಲಿ ಬರುವುದರಿಂದ ಆ ಹೆಸರು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಇವು ಇಪ್ಪತ್ತರ ಸುಮಾರಿಗೆ ಬರುತ್ತವೆಂದೂ, ಎಂಬತ್ತು ದಾಟಿದ ಮುದುಕಿಯರಿಗೂ ನೋವು ಕೊಟ್ಟು ಬಂದದ್ದುಂಟೆಂದೂ ಬರೆದಿಟ್ಟಿದ್ದಾನೆ. ಜಪಾನೀಯರು ಇದನ್ನು ‘ಒಯಾಶಿರಾಜು’ ಎನ್ನುತ್ತಾರೆ. ಹಾಗೆಂದರೆ ‘ಹೆತ್ತವರಿಗೆ ತಿಳಿಯದ್ದು’ ಎಂದರ್ಥ. ಹಾಲುಹಲ್ಲು ಬಿದ್ದಾಗ ಅದನ್ನು ಎತ್ತಿಟ್ಟ ತಾಯಿಗೂ ಈ ಹಲ್ಲಿನ ಸಮಾಚಾರ ತಿಳಿಯುವುದಿಲ್ಲವಲ್ಲ!

ಈ ಹಲ್ಲಿಗೂ ಮಿದುಳಿಗೂ ಯಾವ ಸಂಬಂಧವೂ ಇಲ್ಲ. ಕೀಳಿಸಿದರೆ ಬುದ್ಧಿ ಕಡಿಮೆಯಾಗುವುದೂ ಇಲ್ಲ, ಬಂದರೆ ಹೆಚ್ಚಾಗುವುದೂ ಇಲ್ಲ. ಲೋಕದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ನಾಲ್ಕರಲ್ಲಿ ಒಂದಾದರೂ ಬುದ್ಧಿ ಹಲ್ಲು ಹುಟ್ಟುವುದೇ ಇಲ್ಲ. ಅವರೇನು ಪೆದ್ದರೇ?

ಹಲ್ಲು ಸಿಕ್ಕಿಹಾಕಿಕೊಳ್ಳುವುದೇಕೆ? ಬೇಯಿಸಿದ ಮೆತ್ತನೆಯ ಆಹಾರಕ್ಕೆ ಒಗ್ಗಿದ ಮನುಷ್ಯನ ದವಡೆ ತಲೆಮಾರುಗಳುದ್ದಕ್ಕೂ ಚಿಕ್ಕದಾಯಿತು, ಹಲ್ಲಿನ ಸಂಖ್ಯೆ ಮಾತ್ರ ಅಷ್ಟೇ ಉಳಿಯಿತು ಎಂಬುದು ವಿಜ್ಞಾನಿಗಳ ಸಾಮಾನ್ಯ ವಿವರಣೆ. ತುಂಬಿದ ಸಿಟಿ ಬಸ್ಸಿಗೆ ಕೊನೆಯಲ್ಲಿ ಹತ್ತಿದವನ ಪಾಡು ಈ ಹಲ್ಲಿನದು. ಕೂರಲು ಜಾಗವಿಲ್ಲ, ಮುಂದಿನವರ ಮೇಲೆ ವಾಲಿಕೊಂಡೇ ನಿಲ್ಲಬೇಕು. ೧೯೨೬ರಲ್ಲಿ ಅಮೆರಿಕದ ಜಾರ್ಜ್ ವಿಂಟರ್ ಎಂಬ ದಂತತಜ್ಞ ಈ ವಾಲುವಿಕೆಯನ್ನು ಮುಂದಕ್ಕೆ ವಾಲಿದ್ದು, ನೆಟ್ಟಗಿದ್ದು, ಮಲಗಿದ್ದು, ಹಿಂದಕ್ಕೆ ವಾಲಿದ್ದು ಎಂದು ವಿಂಗಡಿಸಿದ. ಇಂದಿಗೂ ವೈದ್ಯರು ಅದೇ ಲೆಕ್ಕ ಬಳಸುತ್ತಾರೆ. ಕೆಳದವಡೆಯಲ್ಲಿ ಮುಂದಕ್ಕೆ ವಾಲಿದ್ದೇ ಹೆಚ್ಚು.

ಕೀಳಿಸಲೇಬೇಕೆ?

ಬುದ್ಧಿ ಹಲ್ಲು ಇದೆ ಎಂಬ ಒಂದೇ ಕಾರಣಕ್ಕೆ ಕೀಳಿಸಬೇಕಾಗಿಲ್ಲ. ಬ್ರಿಟನ್ನಿನ ಆರೋಗ್ಯ ಸಂಸ್ಥೆ ‘ನೈಸ್’ ೨೦೦೦ರಲ್ಲಿ ಒಂದು ಸೂಚನೆ ಹೊರಡಿಸಿತು. ರೋಗವಿಲ್ಲದ, ಒಳಗೇ ಸಿಕ್ಕಿಕೊಂಡಿರುವ ಹಲ್ಲನ್ನು ಮುಂಜಾಗ್ರತೆಗೆಂದು ಕೀಳುವ ಪದ್ಧತಿ ನಿಲ್ಲಲಿ ಎಂಬುದೇ ಅದರ ಸಾರ. ಬುದ್ಧಿ ಹಲ್ಲು ತಳ್ಳುವುದರಿಂದಲೇ ಮುಂದಿನ ಹಲ್ಲುಗಳು ವಕ್ರವಾಗುತ್ತವೆ ಎಂಬ ಮಾತಿಗೂ ಗಟ್ಟಿಯಾದ ಪುರಾವೆ ಸಿಕ್ಕಿಲ್ಲ.

ಹಾಗಾದರೆ ಕೀಳಿಸುವುದು ಯಾವಾಗ? ಅರ್ಧ ಮೊಳೆತ ಹಲ್ಲಿನ ಮೇಲೆ ಒಸಡಿನ ಒಂದು ಮುಚ್ಚಳ ಉಳಿದುಕೊಂಡಿರುತ್ತದೆ. ಅದರಡಿ ಅನ್ನದಗುಳು ಸೇರಿ ಕೊಳೆತು, ಬಾವು ಬಂದು, ಕೀವಾಗುತ್ತದೆ. ಒಮ್ಮೆ ಹಗುರವಾಗಿ ಬಂದು ಹೋದರೆ ಶುಚಿಗೊಳಿಸಿ ಕಾದು ನೋಡಬಹುದು. ಮತ್ತೆ ಮತ್ತೆ ಬಂದರೆ ಅಥವಾ ಮೊದಲ ಸಲವೇ ಜೋರಾಗಿ ಬಂದರೆ ಕೀಳಿಸುವುದು ಲೇಸು. ತುಂಬಿಸಲಾಗದಷ್ಟು ಹುಳುಕು, ಪಕ್ಕದ ಒಳ್ಳೆಯ ಹಲ್ಲಿಗೆ ಹಾನಿ, ದವಡೆಯೊಳಗೆ ನೀರುಗಂಟು ಇವೂ ಸಕಾರಣಗಳೇ. ಕೀಳಿಸುವ ಸಂದರ್ಭವೇ ಬಂದರೆ ವಯಸ್ಸು ಚಿಕ್ಕದಿದ್ದಷ್ಟೂ ಒಳ್ಳೆಯದು. ಬೇರು ಪೂರ್ತಿ ಬಲಿತಿರುವುದಿಲ್ಲ, ಮೂಳೆ ಅಷ್ಟು ಗಡುಸಾಗಿರುವುದಿಲ್ಲ, ಗಾಯವೂ ಬೇಗ ಮಾಯುತ್ತದೆ.

ಈ ತೀರ್ಮಾನಕ್ಕೆ ಎಕ್ಸ್‌ರೇ ಬೇಕು. ಎರಡೂ ದವಡೆಗಳನ್ನು ಒಂದೇ ಫಿಲ್ಮಿನಲ್ಲಿ ತೋರಿಸುವ ಓ.ಪಿ.ಜಿ. ಚಿತ್ರ ತೆಗೆಯುತ್ತಾರೆ. ಇದರ ವಿಕಿರಣ, ನಾವು ಕೆಲವೇ ದಿನಗಳಲ್ಲಿ ನೆಲದಿಂದ, ಆಕಾಶದಿಂದ ಹೇಗೂ ಪಡೆಯುವ ವಿಕಿರಣದಷ್ಟು. ಹೆದರಬೇಕಾಗಿಲ್ಲ. ಚಿತ್ರವನ್ನು ವೈದ್ಯರ ಜೊತೆ ಕುಳಿತು ನೋಡಿ, “ಯಾಕೆ ಕೀಳಬೇಕು?” ಎಂದು ಧೈರ್ಯವಾಗಿ ಕೇಳಿ. ಒಳ್ಳೆಯ ವೈದ್ಯರು ಬೆರಳಿಟ್ಟು ತೋರಿಸುತ್ತಾರೆ.

ಕಣ್ಣಿನ ಭಯ

“ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದಂತೆ, ನಿಜವೇ ಸಾರ್?” ಪಾಲಕರು ತಪ್ಪದೆ ಕೇಳುವ ಪ್ರಶ್ನೆ ಇದು. ನಿಜವಲ್ಲ. ದೃಷ್ಟಿಯ ಸಂದೇಶ ಒಯ್ಯುವುದು ಎರಡನೆಯ ಕಪಾಲ ನರ. ಹಲ್ಲಿನ ನೋವನ್ನು ಒಯ್ಯುವುದು ಐದನೆಯ ಕಪಾಲ ನರದ ಕವಲುಗಳು. ಎರಡೂ ಬೇರೆ ಬೇರೆ ತಂತಿಗಳು. ಒಂದೇ ಕಂಬದ ಮೇಲೆ ಹೋದರೂ ಕರೆಂಟಿನ ತಂತಿ ಕಡಿದರೆ ಟೆಲಿಫೋನು ಸತ್ತುಹೋಗುವುದಿಲ್ಲವಲ್ಲ! ಐದನೆಯ ನರದ ಒಂದು ಕವಲು ಹಣೆ ಮತ್ತು ಕಣ್ಣಿನ ಸುತ್ತ ಹರಡಿರುವುದರಿಂದ ಹಲ್ಲುನೋವು ಕಣ್ಣಿನತ್ತ ಸೆಳೆದಂತೆ ಅನ್ನಿಸುತ್ತದೆ. ಈ ತಪ್ಪು ತಿಳಿವಳಿಕೆಗೆ ಅದೇ ಮೂಲವಿರಬೇಕು.

ನಿಜವಾಗಿ ಗಮನಿಸಬೇಕಾದ ನರ ಕೆಳದವಡೆಯಲ್ಲಿದೆ. ದವಡೆ ಮೂಳೆಯೊಳಗಿನ ಒಂದು ಸುರಂಗದಲ್ಲಿ ಹಾದುಹೋಗುವ ಈ ನರ ಕೆಳತುಟಿಗೂ ಗಲ್ಲಕ್ಕೂ ಸ್ಪರ್ಶಜ್ಞಾನ ಕೊಡುತ್ತದೆ. ಕೆಲವರಲ್ಲಿ ಹಲ್ಲಿನ ಬೇರು ಈ ಸುರಂಗಕ್ಕೆ ತಾಗಿಕೊಂಡೇ ಇರುತ್ತದೆ. ನಾಲಗೆಯ ನರವೂ ಪಕ್ಕದಲ್ಲೇ ಇದೆ. ಶಸ್ತ್ರಕ್ರಿಯೆಯ ನಂತರ ನೂರರಲ್ಲಿ ಕೆಲವರಿಗೆ ತುಟಿ ಅಥವಾ ನಾಲಗೆ ಕೆಲವು ವಾರ, ತಿಂಗಳು ಜೋಮು ಹಿಡಿದಂತಿದ್ದು ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ಅಪರೂಪ, ನೂರಕ್ಕೆ ಒಂದಕ್ಕಿಂತ ಕಡಿಮೆ. ಬೇರು ನರಕ್ಕೆ ಹತ್ತಿರವಿದ್ದರೆ ವೈದ್ಯರು ಮೂರು ಆಯಾಮದ ಸ್ಕ್ಯಾನ್ ಮಾಡಿಸಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆ ಕಣ್ಣಿನದಲ್ಲ, ಈ ನರದ್ದು.

ಕುರ್ಚಿಯ ಮೇಲೆ

ಹೊರಡುವ ಮುನ್ನ, ವೈದ್ಯರು ಬೇರೆ ಹೇಳದಿದ್ದರೆ, ಹೊಟ್ಟೆಗೆ ಸ್ವಲ್ಪ ತಿಂದು ಹಲ್ಲುಜ್ಜಿಕೊಂಡು ಹೋಗಬೇಕು. ಸ್ಥಳೀಯ ಅರಿವಳಿಕೆಗೆ ಉಪವಾಸ ಬೇಡ, ಪೂರ್ಣ ಅರಿವಳಿಕೆಗಾದರೆ ಬೇಕು. ಆಸ್ತಮಾ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಪೆನಿಸಿಲಿನ್ ಅಲರ್ಜಿ, ಗಾಯವಾದಾಗ ರಕ್ತ ನಿಲ್ಲದಿರುವುದು ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡದೆ ಹೇಳಿ.

ಹೆಚ್ಚಿನ ಕಡೆ ಕೊಡುವ ಇಂಜೆಕ್ಷನ್ ಲಿಗ್ನೊಕೇನ್. ೧೯೪೩ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ ಈ ಔಷಧ, ಸೋಡಿಯಂ ಅಯಾನುಗಳು ನರತಂತುವಿನೊಳಗೆ ನುಗ್ಗುವ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಸಂದೇಶ ಮುಂದೆ ಸಾಗದು, ನೋವು ಮಿದುಳಿಗೆ ತಲುಪದು. ಸೂಜಿ ಚುಚ್ಚಿದಾಗ ಸ್ವಲ್ಪ ಉರಿ, ಐದು ಹತ್ತು ನಿಮಿಷದಲ್ಲಿ ಅರ್ಧ ತುಟಿ ದಪ್ಪವಾದಂತೆ ಭಾಸ. ಆಮೇಲೆ ನೋವು ಗೊತ್ತಾಗದಿದ್ದರೂ ಒತ್ತಡ ಗೊತ್ತಾಗುತ್ತದೆ. ಈ ವ್ಯತ್ಯಾಸ ಮೊದಲೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ಚುರುಕ್ಕೆಂದರೆ ಕೈ ಎತ್ತಿ, ಇನ್ನಷ್ಟು ಔಷಧ ಹಾಕುತ್ತಾರೆ.

ಮುಂದೆ ಒಸಡನ್ನು ಬಿಡಿಸಿ, ಬೇಕಾದರೆ ಸ್ವಲ್ಪ ಮೂಳೆ ಕೊರೆದು, ಹಲ್ಲನ್ನು ಎರಡು ಮೂರು ತುಂಡು ಮಾಡಿ ತೆಗೆಯುತ್ತಾರೆ. ದೊಡ್ಡ ಬೀರುವನ್ನು ಚಿಕ್ಕ ಬಾಗಿಲಿನಿಂದ ಹೊರತರಲು ಬಿಡಿಭಾಗ ಮಾಡುವುದಿಲ್ಲವೇ, ಹಾಗೆ. ಕೊರೆಯುವ ಯಂತ್ರದ ಸದ್ದು ತಲೆಬುರುಡೆಯೊಳಗೇ ಕೇಳಿದಂತಾಗುತ್ತದೆ, ಏಕೆಂದರೆ ಮೂಳೆ ಶಬ್ದವನ್ನು ಚೆನ್ನಾಗಿ ಸಾಗಿಸುತ್ತದೆ. ಕೊನೆಗೆ ಎರಡು ಮೂರು ಹೊಲಿಗೆ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಕೆಲಸ ಮುಗಿಯುತ್ತದೆ.

ಮೊದಲ ದಿನ

ಹಲ್ಲು ಹೋದ ಗುಂಡಿಯಲ್ಲಿ ಹೆಪ್ಪುಗಟ್ಟುವ ರಕ್ತವೇ ಅಲ್ಲಿನ ನಿಜವಾದ ಔಷಧ. ಅದರಡಿಯಲ್ಲಿ ಹೊಸ ಚರ್ಮ, ಹೊಸ ಮೂಳೆ ಬೆಳೆಯಬೇಕು. ಮೊದಲ ದಿನದ ಪಥ್ಯವೆಲ್ಲ ಈ ಹೆಪ್ಪನ್ನು ಕಾಪಾಡುವುದಕ್ಕೇ. ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ. ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ಸ್ಟ್ರಾದಿಂದ ಎಳನೀರು ಹೀರಬೇಡಿ. ಹೀರಿದಾಗ ಬಾಯೊಳಗಿನ ಒತ್ತಡ ತಗ್ಗಿ ಹೆಪ್ಪು ಕಿತ್ತುಬರಬಹುದು. ಎಂಜಲು ನಸುಗೆಂಪಾಗಿದ್ದರೆ ಗಾಬರಿ ಬೇಡ. ಒಂದು ಹನಿ ರಕ್ತ ಬಾಯಿ ತುಂಬ ಎಂಜಲನ್ನು ಕೆಂಪಾಗಿಸಬಲ್ಲದು.

ಬಟ್ಟೆಯಲ್ಲಿ ಸುತ್ತಿದ ಐಸನ್ನು ಕೆನ್ನೆಯ ಹೊರಗೆ ಹತ್ತು ನಿಮಿಷ ಇಟ್ಟು, ಹತ್ತು ನಿಮಿಷ ತೆಗೆಯಿರಿ. ಮರಗಟ್ಟಿದ ತುಟಿ ಕಚ್ಚಿಕೊಳ್ಳದಂತೆ ಎಚ್ಚರ. ವೈದ್ಯರು ಬರೆದ ನೋವಿನ ಮಾತ್ರೆಯನ್ನು ಜೋಮು ಬಿಡುವ ಮುನ್ನವೇ ನುಂಗಿದರೆ ಆ ರಾತ್ರಿ ಸುಲಭ. ವಯಸ್ಕರಿಗೂ ಪ್ಯಾರಾಸಿಟಮಾಲ್ ೨೪ ಗಂಟೆಯಲ್ಲಿ ೪ ಗ್ರಾಂ ಮೀರಕೂಡದು. ಜೋಡಿ ಔಷಧದ ಮಾತ್ರೆಗಳಲ್ಲೂ ಅದು ಅಡಗಿರುತ್ತದೆ, ಲೇಬಲ್ ಓದಿ. ತಾವಾಗಿ ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು.

ಅಡುಗೆಮನೆಯ ಪಾಲೂ ಇದೆ. ತಣ್ಣಗಿನ ಮಜ್ಜಿಗೆ ಅನ್ನ, ರಾಗಿ ಅಂಬಲಿ, ಹಾಲಿನಲ್ಲಿ ನೆನೆಸಿದ ಇಡ್ಲಿ, ಬಾಳೆಹಣ್ಣು, ಐಸ್‌ಕ್ರೀಮ್ ಎಲ್ಲ ಆಗುತ್ತದೆ. ಮರುದಿನದಿಂದ ಉಗುರುಬೆಚ್ಚಗಿನ ಮುದ್ದೆ, ಖಾರವಿಲ್ಲದ ಸಾರು. ಅಗಿಯದೆ ನುಂಗುವ ಊಟವನ್ನು ನಮ್ಮ ಹಿರಿಯರು ಇದಕ್ಕೆಂದೇ ಕಂಡುಹಿಡಿದರೋ ಎಂಬಂತಿದೆ! ಬಿಸಿಬಿಸಿ ಕಾಫಿ, ಚಕ್ಕುಲಿ, ಹುರಿಗಾಳು, ಚುರುಮುರಿ ವಾರಕಾಲ ಬೇಡ.

ಎರಡನೆಯ ದಿನದಿಂದ

೨೪ ಗಂಟೆ ಕಳೆದ ಮೇಲೆ ಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ತುಂಬಿಕೊಂಡು ಮೆಲ್ಲಗೆ ಓಲಾಡಿಸಿ ಬಿಡಬೇಕು. ಕೆನ್ನೆಯ ಊತ ಎರಡು ಮೂರನೆಯ ದಿನ ಹೆಚ್ಚಾಗಿ, ಆಮೇಲೆ ಇಳಿಯುತ್ತದೆ. ಬಾಯಿ ಪೂರ್ತಿ ತೆರೆಯಲು ವಾರ ಹಿಡಿಯಬಹುದು. ಕರಗದ ಹೊಲಿಗೆಯನ್ನು ಏಳನೆಯ ದಿನದ ಹೊತ್ತಿಗೆ ಬಿಚ್ಚುತ್ತಾರೆ. ಒಸಡು ಮೂರು ನಾಲ್ಕು ವಾರದಲ್ಲಿ ಮುಚ್ಚಿಕೊಂಡರೂ ಒಳಗೆ ಮೂಳೆ ತುಂಬಲು ತಿಂಗಳುಗಳೇ ಬೇಕು.

ಒಂದು ತೊಂದರೆಯನ್ನು ಮಾತ್ರ ನೆನಪಿನಲ್ಲಿಡಿ. ಕಡಿಮೆಯಾಗುತ್ತಿದ್ದ ನೋವು ಮೂರನೆಯ ದಿನದ ಹೊತ್ತಿಗೆ ತಿರುಗಿ ಜೋರಾಗಿ, ಕಿವಿಗೆ ಹರಿದು, ಬಾಯಿ ದುರ್ವಾಸನೆ ಬಂದರೆ ಹೆಪ್ಪು ಕಳಚಿಹೋಗಿ ಮೂಳೆ ಬಯಲಾಗಿದೆ ಎಂದರ್ಥ. ಇದನ್ನು ‘ಡ್ರೈ ಸಾಕೆಟ್’ ಎನ್ನುತ್ತಾರೆ. ಸಿಗರೇಟು ಸೇದುವವರಲ್ಲಿ ಇದು ಹೆಚ್ಚು. ಗುಂಡಿಯನ್ನು ತೊಳೆದು ಔಷಧದ ಬತ್ತಿ ಇಟ್ಟರೆ ನೋವು ಬೇಗ ತಗ್ಗುತ್ತದೆ. ಮನೆಯಲ್ಲಿ ಲವಂಗ ತುರುಕುವುದು, ಮಾತ್ರೆಯನ್ನು ಒಸಡಿನ ಮೇಲೆಯೇ ಇಡುವುದು ಖಂಡಿತ ಕೂಡದು. ಒಸಡು ಸುಟ್ಟುಹೋಗುತ್ತದೆ.

ಇನ್ನು ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು: ಹತ್ತಿ ಒತ್ತಿ ಹಿಡಿದರೂ ನಿಲ್ಲದ ರಕ್ತ, ಜ್ವರ, ಗಲ್ಲದ ಕೆಳಗೆ ಅಥವಾ ಕುತ್ತಿಗೆಗೆ ಇಳಿಯುವ ಊತ, ನುಂಗಲು ಅಥವಾ ಉಸಿರಾಡಲು ಕಷ್ಟ. ಹಲ್ಲಿನ ಸೋಂಕು ನಾಲಗೆಯಡಿಗೆ, ಕುತ್ತಿಗೆಗೆ ಹಬ್ಬಿ ಉಸಿರುಗಟ್ಟಿಸುವುದನ್ನು ೧೮೩೬ರಲ್ಲಿ ಜರ್ಮನಿಯ ಲುಡ್ವಿಗ್ ಎಂಬ ವೈದ್ಯ ವಿವರಿಸಿದ. ಅದು ಇಂದಿಗೂ ಪ್ರಾಣಾಪಾಯವೇ. ಹಲ್ಲು ಕೀಳಿಸದೆ, ಅಂಗಡಿಯ ಆಂಟಿಬಯಾಟಿಕ್‌ನಲ್ಲಿ ದಿನ ದೂಡುವವರಿಗೂ ಇದೇ ಎಚ್ಚರಿಕೆ. ಮಾತ್ರೆಯಿಂದ ಬಾವು ಇಳಿದಂತೆ ಕಂಡರೂ ಕಾರಣ ಅಲ್ಲೇ ಕುಳಿತಿರುತ್ತದೆ.

ಎಲ್ಲಿ, ಯಾವಾಗ?

ಕಲ್ಯಾಣ ನಗರ, ಎಚ್.ಆರ್.ಬಿ.ಆರ್. ಬಡಾವಣೆ, ಬಾಣಸವಾಡಿ ಕಡೆ ದಂತ ಚಿಕಿತ್ಸಾಲಯಗಳಿಗೆ ಕೊರತೆಯಿಲ್ಲ. ಬೋರ್ಡಿನ ಹೊಳಪಿಗಿಂತ ನೋಂದಾಯಿತ ವೈದ್ಯರೇ ಎಂಬುದನ್ನು ನೋಡಿ. ದೇಶದಲ್ಲಿ ದಂತವೈದ್ಯರ ನೋಂದಣಿಗೆ ೧೯೪೮ರಲ್ಲೇ ಕಾಯಿದೆ ಬಂತು. ಅಡ್ಡ ಮಲಗಿದ ಹಲ್ಲಾದರೆ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯಲ್ಲಿ ಎಂ.ಡಿ.ಎಸ್. ಮಾಡಿದವರ ಕೈಗೆ ಒಪ್ಪಿಸುವುದು ಕ್ಷೇಮ. ಕೈಯಲ್ಲಿ ಹಣ ಕಡಿಮೆಯಿದ್ದವರು ದಂತ ಕಾಲೇಜುಗಳನ್ನು ಮರೆಯಬಾರದು. ನಮ್ಮ ಭಾಗಕ್ಕೆ ಹತ್ತಿರ ಕುಕ್ ಟೌನಿನ ಕ್ಲೈನ್ ರಸ್ತೆಯ ಎಂ.ಆರ್. ಅಂಬೇಡ್ಕರ್ ದಂತ ಕಾಲೇಜು. ಇನ್ನೊಂದು, ವಿಕ್ಟೋರಿಯಾ ಆಸ್ಪತ್ರೆ ಬಳಿ ೧೯೫೮ರಿಂದ ನಡೆಯುತ್ತಿರುವ ಸರ್ಕಾರಿ ದಂತ ಕಾಲೇಜು. ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಉಸ್ತುವಾರಿಯಲ್ಲಿ ಕೆಲಸ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯಬಹುದು, ಸಾಲಿನಲ್ಲಿ ಕಾಯಬೇಕಾಗಬಹುದು, ಆದ್ದರಿಂದ ಬೆಳಗ್ಗೆ ಬೇಗ ಹೋಗಿ.

ಪರೀಕ್ಷೆಗೆ ಎರಡು ವಾರವಿರುವಾಗ ತುರ್ತಿಲ್ಲದೆ ಕೀಳಿಸಲು ಹೋಗಬೇಡಿ. ದಸರೆ ರಜೆಯೋ ಬೇಸಿಗೆ ರಜೆಯೋ ಪ್ರಶಸ್ತ. ಆದರೆ ಕೀವು, ಜ್ವರ ಇದ್ದಾಗ ಯಾವ ಪರೀಕ್ಷೆಯೂ ದೊಡ್ಡದಲ್ಲ, ಅಂದೇ ವೈದ್ಯರನ್ನು ಕಾಣಬೇಕು. ಕೀಳಿಸಿದ ದಿನ ಮಕ್ಕಳನ್ನು ಒಬ್ಬರೇ ಸ್ಕೂಟರಿನಲ್ಲಿ ಕಳಿಸದೆ ಜೊತೆಗೆ ಹೋಗಿ, ಆಟೋದಲ್ಲಿ ಕರೆತನ್ನಿ. ಒಂದು ವಾರ ಕ್ರಿಕೆಟ್, ಜಿಮ್ ಬೇಡ. ಮೂರನೆಯ ದಿನದಿಂದ ಪುಸ್ತಕ ಹಿಡಿಯಲು ಅಡ್ಡಿಯಿಲ್ಲ. ಬಾಯಿ ನೋಯುತ್ತದೆಂಬುದು ಓದದಿರಲು ನೆಪವಾಗಲಾರದು ಎಂದು ಮೇಷ್ಟ್ರು ಹೇಳಿದರೆ ವಿದ್ಯಾರ್ಥಿಗಳು ಬೇಸರಿಸಬಾರದು!