ಒಂದೇ ಗಡ್ಡೆ, ಹಲವು ಸ್ವಭಾವ

ಮೂತ್ರಕೋಶದ ಕ್ಯಾನ್ಸರನ್ನು ಒಂದೇ ರೋಗವೆಂದು ಭಾವಿಸುವುದು ಸಹಜವಾದರೂ, ಮೂತ್ರಪಿಂಡಗಳಿಂದ ಇಳಿದು ಬರುವ ಮೂತ್ರವನ್ನು ಹಿಡಿದಿಟ್ಟುಕೊಳ್ಳುವ ಈ ಸ್ನಾಯುಚೀಲದಲ್ಲಿ ಬೆಳೆಯುವ ಗಡ್ಡೆಗಳೆಲ್ಲ ಒಂದೇ ಬಗೆಯ ಜೀವಕೋಶಗಳಿಂದ ಆದವಲ್ಲ. ಚೀಲ ತುಂಬಿದಾಗ ಹಿಗ್ಗಿ, ಬರಿದಾದಾಗ ಕುಗ್ಗುವ ಯೂರೋಥೀಲಿಯಂ ಎಂಬ ಪದರವೊಂದು ಅದರ ಒಳಮೈಗೆ ಇದ್ದು, ಹೆಚ್ಚಿನ ದೇಶಗಳಲ್ಲಿ ಮೂತ್ರಕೋಶದ ಕ್ಯಾನ್ಸರುಗಳಲ್ಲಿ ಸುಮಾರು ಶೇ. 90ರಷ್ಟು ಈ ಪದರದ ಕೋಶಗಳಿಂದಲೇ ಹುಟ್ಟುತ್ತವೆ. ಆದರೆ ಕೆಲವು ಗಡ್ಡೆಗಳಲ್ಲಿ ಈ ಕೋಶಗಳ ಮಗ್ಗುಲಲ್ಲೇ ಚರ್ಮದ ಕೋಶಗಳನ್ನು ಹೋಲುವ ಚಪ್ಪಟೆಯಾದ ಸ್ಕ್ವಾಮಸ್ ಕೋಶಗಳೋ, ಕರುಳಿನ ಗ್ರಂಥಿಗಳಂತೆ ಲೋಳೆ ಸ್ರವಿಸುವ ಕೋಶಗಳೋ, ಶ್ವಾಸಕೋಶದ ಒಂದು ಉಗ್ರ ಕ್ಯಾನ್ಸರಿನಲ್ಲಿ ಕಾಣುವಂಥ ಸಣ್ಣ ಕೋಶಗಳೋ ಬೆರೆತಿರುತ್ತವೆ. ಇಂಥವನ್ನೇ ಮಿಶ್ರ ಬಗೆಯ ಕ್ಯಾನ್ಸರುಗಳೆಂದು ಕರೆಯಲಾಗುತ್ತದೆ.

ಎರಡು ಕ್ಯಾನ್ಸರುಗಳು ಬೇರೆ ಬೇರೆಯಾಗಿ ಹುಟ್ಟಿ ಬಳಿಕ ಒಂದೆಡೆ ಸೇರಿಕೊಂಡವೆಂದು ಇದರರ್ಥವಲ್ಲ. ಮಿಶ್ರ ಗಡ್ಡೆಯ ಎರಡೂ ಭಾಗಗಳ ಡಿಎನ್‌ಎ ಪರೀಕ್ಷಿಸಿದಾಗ, ಟಿಇಆರ್‌ಟಿ ಎಂಬ ಜೀನ್‌ನ ನಿಯಂತ್ರಕ ಭಾಗದಲ್ಲಿ ಆಗುವಂಥ ಒಂದೇ ಬದಲಾವಣೆ ಎರಡರಲ್ಲೂ ಕಾಣಸಿಗುವುದರಿಂದ, ಒಂದೇ ಮೂಲದ ಕೋಶಸಂತತಿ ಬೆಳೆಯುತ್ತ ಕವಲೊಡೆದು ಬೇರೆ ಬೇರೆ ರೂಪ ತಾಳುತ್ತದೆ ಎಂದು ತಿಳಿಯಬಹುದು. ಈ ಕವಲುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದುದು ಸ್ಕ್ವಾಮಸ್ ಬಗೆ. ಇದು ಬೆರಕೆಯಿಲ್ಲದೆ ತಾನೊಂದೇ ಕಾಣಿಸಿಕೊಳ್ಳುವುದು ಅಪರೂಪವಾದರೂ, ಶಿಸ್ಟೊಸೋಮಾ ಎಂಬ ರಕ್ತಹುಳುವಿನ ಮೊಟ್ಟೆಗಳು ಮೂತ್ರಕೋಶದ ಗೋಡೆಯಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಉರಿಯೂತ ಉಂಟುಮಾಡುತ್ತಿದ್ದ ಈಜಿಪ್ಟಿನಲ್ಲಿ ಅದೇ ಪ್ರಧಾನ ಬಗೆಯಾಗಿತ್ತು. ಹುಳುವಿನ ಸೋಂಕು ಹತೋಟಿಗೆ ಬಂದಂತೆ ಅಲ್ಲಿಯೂ ಅದರ ಪಾಲು ಇಳಿದಿದೆ.

ಹೆಚ್ಚಿನ ಗಮನ ಬೇಡುವುದು ಸಣ್ಣಕೋಶದ ಬಗೆ. ಮೂತ್ರಕೋಶದ ಕ್ಯಾನ್ಸರುಗಳಲ್ಲಿ ಇದರ ಪಾಲು ಶೇ. 1ರಷ್ಟೂ ಇಲ್ಲ; ಇದ್ದರೂ ಬಹುಪಾಲು ಬೇರೆ ಬಗೆಗಳೊಂದಿಗೆ ಬೆರೆತೇ ಇರುತ್ತದೆ. ಸೂಕ್ಷ್ಮದರ್ಶಕದಡಿ ಇದರ ಕೋಶಗಳಲ್ಲಿ ಕೋಶದ್ರವ ಇಲ್ಲವೆನ್ನುವಷ್ಟು ಕಡಿಮೆಯಾಗಿದ್ದು, ಕಡುನೀಲಿ ಬಣ್ಣ ಹಿಡಿದ ಕೋಶಕೇಂದ್ರಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಚಿಮಟದ ಹಿಡಿತಕ್ಕೇ ಜಜ್ಜಿಹೋಗುವಷ್ಟು ಅವು ಮೃದು. ಅನುಮಾನ ಬಂದಾಗ ಸಿನಾಪ್ಟೊಫಿಸಿನ್, ಕ್ರೋಮೊಗ್ರಾನಿನ್ ಮೊದಲಾದ ಪ್ರೋಟೀನುಗಳನ್ನು ಗುರುತಿಸುವ ವಿಶೇಷ ಬಣ್ಣಗಾರಿಕೆಯಿಂದ ಅದನ್ನು ಖಚಿತಪಡಿಸಿಕೊಳ್ಳುತ್ತಾರೆ. ಗಡ್ಡೆಯ ಸಣ್ಣದೊಂದು ಭಾಗ ಮಾತ್ರ ಈ ಬಗೆಯದ್ದಾಗಿದ್ದರೂ ಚಿಕಿತ್ಸೆಯ ದಾರಿ ಬದಲಾಗುತ್ತದೆ: ರೋಗ ಬೇಗನೆ ದೂರದ ಅಂಗಗಳಿಗೆ ಹರಡುವುದರಿಂದ ಮೊದಲು ಎಟೊಪೊಸೈಡ್ ಮತ್ತು ಸಿಸ್‌ಪ್ಲಾಟಿನ್ ಔಷಧಿಗಳ ಕೀಮೋಥೆರಪಿ ಕೊಟ್ಟು, ಆನಂತರವೇ ಮೂತ್ರಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಗೋ ವಿಕಿರಣ ಚಿಕಿತ್ಸೆಗೋ ಹೋಗುವುದು ರೂಢಿ.

ಯೂರೋಥೀಲಿಯಲ್ ಕ್ಯಾನ್ಸರೇ ವೇಷ ಮರೆಸಿಕೊಂಡು ಬರುವ ಉಪಬಗೆಗಳೂ ಇವೆ. ಗೂಡುಗೂಡಾಗಿ ಬೆಳೆಯುವ ಒಂದು ಬಗೆಯ ಕೋಶಗಳು ನೋಡಲು ನಿರಪಾಯವೆನಿಸಿದರೂ ಸ್ನಾಯುವಿನೊಳಕ್ಕೆ ಇಳಿಯುತ್ತವೆ. ಪ್ಲಾಸ್ಮಾ ಕೋಶಗಳನ್ನು ಹೋಲುವ ಇನ್ನೊಂದು ಬಗೆಯಲ್ಲಿ, ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನು ಬಹುಮಟ್ಟಿಗೆ ಇಲ್ಲವಾಗಿರುವುದರಿಂದ ಅವು ಬಿಡಿಬಿಡಿಯಾಗಿ ಹರಡಿ ಹೊಟ್ಟೆಯ ಒಳಪೊರೆಯನ್ನೂ ತಲುಪುತ್ತವೆ.

ಇಷ್ಟೆಲ್ಲ ವಿವೇಚನೆ ನಿಂತಿರುವುದು ಮೂತ್ರನಾಳದ ಮೂಲಕ ನಳಿಕೆ ಇಳಿಸಿ, ವಿದ್ಯುತ್ ಹರಿಯುವ ತಂತಿಕುಣಿಕೆಯಿಂದ ಕೆರೆದು ತೆಗೆದ ಗಡ್ಡೆಯ ಚೂರುಗಳ ಮೇಲೆ. ಚೂರುಗಳಲ್ಲಿ ಸ್ನಾಯುವಿನ ಅಂಶವಿಲ್ಲದಿದ್ದರೆ ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆಯೆಂದು ಹೇಳಲಾಗದು. ಅವು ಶಾಖಕ್ಕೆ ಸುಟ್ಟಿದ್ದರೆ ಕೋಶಗಳ ಗುರುತೇ ಸಿಗದು. ಒಂದು ಮೂಲೆಯಲ್ಲಷ್ಟೇ ಇರುವ ಮಿಶ್ರ ಭಾಗವಂತೂ ತೆಗೆದ ಚೂರಿಗೆ ಬಾರದೆಯೇ ಉಳಿಯಬಹುದು. ಆದ್ದರಿಂದ ಕೆಲವು ವಾರಗಳ ಬಳಿಕ ಅದೇ ಜಾಗವನ್ನು ಮತ್ತೊಮ್ಮೆ ಕೆರೆದು ಪರೀಕ್ಷಿಸಬೇಕೆಂದು ವೈದ್ಯರು ಹೇಳಿದಾಗ ರೋಗಿ ಅದನ್ನು ಅನವಶ್ಯಕ ಹಿಂಸೆಯೆಂದು ಭಾವಿಸಬಾರದು. ವರದಿಯಲ್ಲಿ ಕ್ಯಾನ್ಸರ್ ಎಂಬ ಹೆಸರಷ್ಟೇ ಇದ್ದರೆ ಸಾಲದು. ಬೆರೆತಿರುವ ಬಗೆ ಯಾವುದು, ಗಡ್ಡೆಯಲ್ಲಿ ಅದರ ಪಾಲೆಷ್ಟು ಎಂಬುದೂ ದಾಖಲಾಗಿರಬೇಕು, ಇಲ್ಲದಿದ್ದರೆ ಕೇಳಿ ತಿಳಿದುಕೊಳ್ಳುವ ಹಕ್ಕು ರೋಗಿಗಿದೆ.

ಬಗೆ ಯಾವುದೇ ಇರಲಿ, ಬಹುಮಟ್ಟಿಗೆ ಮೊದಲ ಸುಳಿವು ನೋವಿಲ್ಲದೆ ಮೂತ್ರದಲ್ಲಿ ಕಾಣಿಸಿಕೊಳ್ಳುವ ರಕ್ತವೇ. ಅದು ಒಂದೆರಡು ದಿನ ಕಂಡು ತಾನಾಗಿಯೇ ನಿಂತುಹೋಗುವುದರಿಂದ, ಅದರಲ್ಲೂ ಹೆಂಗಸರಲ್ಲಿ, ಉರಿಮೂತ್ರವೆಂದೋ ಸೋಂಕೆಂದೋ ಮಾತ್ರೆ ಕೊಟ್ಟು ಕಳುಹಿಸಿ ತಿಂಗಳುಗಳು ಕಳೆದುಹೋಗುವುದುಂಟು. ಕಾರಣಗಳಲ್ಲಿ ಮೊದಲನೆಯದು ಬೀಡಿ-ಸಿಗರೇಟು. ಬಣ್ಣದ ಕಾರ್ಖಾನೆಗಳ ಕೆಲಸಗಾರರಲ್ಲಿ ಈ ರೋಗವನ್ನು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಲ್ಲೇ ಗುರುತಿಸಿದ್ದರು.

ಪರೀಕ್ಷಿಸಿದ ಚೂರುಗಳನ್ನು ಮೇಣದ ಅಚ್ಚಿನಲ್ಲಿ ಹುದುಗಿಸಿ ಆಸ್ಪತ್ರೆಗಳು ವರ್ಷಗಟ್ಟಲೆ ಕಾಪಿಡುವುದರಿಂದ, ಎರಡನೆಯ ಅಭಿಪ್ರಾಯ ಬೇಕೆನಿಸಿದ ರೋಗಿ ಆ ಅಚ್ಚನ್ನೂ ಗಾಜಿನ ಸ್ಲೈಡುಗಳನ್ನೂ ಪಡೆದು ಬೇರೊಬ್ಬ ತಜ್ಞರಿಗೆ ತೋರಿಸಬಹುದು. ಮುಂದೆ ಯಕೃತ್ತಿನಲ್ಲೋ ಮೂಳೆಯಲ್ಲೋ ರೋಗ ಮರುಕಳಿಸಿದಾಗಲೂ ಅವು ಬೇಕಾಗುತ್ತವೆ. ಏಕೆಂದರೆ ಮಿಶ್ರ ಗಡ್ಡೆಯಿಂದ ಹರಡಿದ್ದು ಕೆಲವೊಮ್ಮೆ ಅದರ ಸಣ್ಣಕೋಶದ ಭಾಗ ಮಾತ್ರವೇ ಆಗಿರುತ್ತದೆ, ಹೊಸ ಜಾಗದ ಬಯಾಪ್ಸಿಯನ್ನು ಹಳೆಯ ಅಚ್ಚಿನೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಔಷಧಿ ನಿರ್ಧಾರವಾಗುತ್ತದೆ.