ಹೆಸರಿನ ಮೇಲಿನ ಹಕ್ಕು: ‘ನಂದಿನಿ’ ಪ್ರಕರಣದಿಂದ ಸಣ್ಣ ಉದ್ದಿಮೆದಾರರು ತಿಳಿಯಬೇಕಾದುದು

ಬೌದ್ಧಿಕ ಸ್ವತ್ತಿನ ನೀತಿಯನ್ನು ಕುರಿತ ಚರ್ಚೆಗಳಲ್ಲಿ ಪೇಟೆಂಟ್, ಔಷಧ ಹಾಗೂ ತಂತ್ರಾಂಶಗಳೇ ಮುನ್ನೆಲೆಗೆ ಬರುತ್ತವೆ. ಸಣ್ಣ ತಯಾರಕರ ಮತ್ತು ವರ್ತಕರ ಕೈಯಲ್ಲಿರುವ ಬೌದ್ಧಿಕ ಸ್ವತ್ತಾದರೋ ಬಹುಮಟ್ಟಿಗೆ ಒಂದೇ: ಪೊಟ್ಟಣದ ಮೇಲಿನ ಅಥವಾ ಅಂಗಡಿಯ ಫಲಕದ ಮೇಲಿನ ಹೆಸರು. 2016ರ ಮೇ ತಿಂಗಳಿನಲ್ಲಿ ಪ್ರಕಟವಾದ ರಾಷ್ಟ್ರೀಯ ಬೌದ್ಧಿಕ ಸ್ವತ್ತು ಹಕ್ಕುಗಳ ನೀತಿಯು ತನ್ನ ಏಳು ಉದ್ದೇಶಗಳಲ್ಲಿ ಅರಿವು ಮೂಡಿಸುವುದಕ್ಕೆ ಮೊದಲ ಸ್ಥಾನ ನೀಡಿದೆ. ಈ ಅರಿವಿಗೆ ಉತ್ತಮ ನಿದರ್ಶನವೊಂದು ಬೆಂಗಳೂರಿನಲ್ಲಿಯೇ ಇದೆ.

ವ್ಯಾಜ್ಯದ ಹಿನ್ನೆಲೆ

ಅಟ್ಟೂರಿನ ನೆರೆಯ ಯಲಹಂಕದಲ್ಲಿರುವ ಮದರ್ ಡೇರಿಯು ಕರ್ನಾಟಕ ಹಾಲು ಮಹಾಮಂಡಳದ ಘಟಕ. ಮಹಾಮಂಡಳವು 1985ರಿಂದ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ‘ನಂದಿನಿ’ ಎಂಬ ಹೆಸರನ್ನು ಬಳಸುತ್ತಿದ್ದು, ಅದನ್ನು ನೋಂದಾಯಿಸಿಕೊಂಡಿತ್ತು. 1989ರಲ್ಲಿ ಆರಂಭವಾದ ‘ನಂದಿನಿ ಡಿಲಕ್ಸ್’ ಹೋಟೆಲು ತನ್ನ ಆಹಾರ ಪದಾರ್ಥಗಳಿಗೆ ಅದೇ ಉಚ್ಚಾರದ ಚಿಹ್ನೆಯನ್ನು ನೋಂದಾಯಿಸಲು ಅರ್ಜಿ ಸಲ್ಲಿಸಿತು. ಮಹಾಮಂಡಳವು ಆಕ್ಷೇಪಿಸಿತು.

ಉಪ ನೋಂದಣಾಧಿಕಾರಿಗಳು 2007ರಲ್ಲಿ ಹೋಟೆಲಿನ ಪರವಾಗಿ ಆದೇಶ ನೀಡಿದರು. ಅಂದಿನ ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿಯು ಆ ಆದೇಶವನ್ನು ತಳ್ಳಿಹಾಕಿತು. ರಾಜ್ಯ ಉಚ್ಚ ನ್ಯಾಯಾಲಯವು 2014ರಲ್ಲಿ ಮಂಡಳಿಯ ತೀರ್ಮಾನವನ್ನೇ ಎತ್ತಿಹಿಡಿಯಿತು. ಅಂತಿಮವಾಗಿ ಸರ್ವೋಚ್ಚ ನ್ಯಾಯಾಲಯವು 2018ರ ಜುಲೈ 26ರಂದು ಹೋಟೆಲಿನ ಪರ ತೀರ್ಪಿತ್ತಿತು. ಆದರೆ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಆ ನೋಂದಣಿ ಅನ್ವಯಿಸದೆಂದು ನಿರ್ಬಂಧಿಸಿತು.

ತೀರ್ಪಿನ ಸಾರ

ಮೊದಲನೆಯದಾಗಿ, ‘ನಂದಿನಿ’ ಮಹಾಮಂಡಳವು ಸೃಷ್ಟಿಸಿದ ಪದವಲ್ಲ. ಅದು ಪುರಾಣದ ಪವಿತ್ರ ಗೋವಿನ ಹೆಸರು. ಎಲ್ಲರಿಗೂ ಸೇರಿದ ಇಂಥ ಪದದ ಮೇಲೆ ಎಲ್ಲ ವಸ್ತುಗಳಿಗೂ ವ್ಯಾಪಿಸುವ ಏಕಸ್ವಾಮ್ಯ ಸುಲಭವಾಗಿ ದೊರೆಯುವುದಿಲ್ಲ. ಎರಡನೆಯದಾಗಿ, ಎರಡು ವಸ್ತುಗಳು ಒಂದೇ ವರ್ಗದಲ್ಲಿದ್ದ ಮಾತ್ರಕ್ಕೆ ಅವು ಸಮಾನ ವಸ್ತುಗಳಾಗುವುದಿಲ್ಲ. 29ನೆಯ ವರ್ಗದಲ್ಲಿ ಹಾಲೂ ಇದೆ, ಮಾಂಸವೂ ಇದೆ. ಮೂರನೆಯದಾಗಿ, ಎರಡು ಚಿಹ್ನೆಗಳನ್ನು ಒಟ್ಟಾರೆಯಾಗಿ ನೋಡಿದಾಗ ಅವುಗಳ ರೂಪದಲ್ಲಿ ಸ್ಪಷ್ಟ ಭಿನ್ನತೆಯಿತ್ತು. ಕೊನೆಯದು ಎಲ್ಲಕ್ಕಿಂತ ಮುಖ್ಯವಾದುದು: ಹೋಟೆಲು ಆರಂಭವಾಗುವ ಮುನ್ನ ದೊರೆತ ನಾಲ್ಕು ವರ್ಷಗಳಲ್ಲೇ ಆ ಹೆಸರು ತನ್ನದೆಂದು ಗ್ರಾಹಕರ ಮನಸ್ಸಿನಲ್ಲಿ ನೆಲೆಗೊಂಡಿತ್ತೆಂಬುದನ್ನು ಮಹಾಮಂಡಳವು ಸಾಬೀತುಪಡಿಸಲಿಲ್ಲ. ಇಂದಿನ ಖ್ಯಾತಿಯು ಅಂದಿನ ಸಾಕ್ಷ್ಯದ ಕೊರತೆಯನ್ನು ತುಂಬದು.

ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

1. ದೇವರ, ನದಿಯ, ಊರಿನ ಹೆಸರುಗಳು ಗ್ರಾಹಕರಿಗೆ ಬೇಗ ಹಿಡಿಸುತ್ತವೆ. ಆದರೆ ಅವುಗಳಿಗೆ ದೊರೆಯುವ ರಕ್ಷಣೆ ಸೀಮಿತ. ಸ್ವತಃ ರೂಪಿಸಿದ ಪದಕ್ಕೆ ರಕ್ಷಣೆ ಹೆಚ್ಚು.

2. ಮೊದಲ ಬಿಲ್ಲು, ಮುದ್ರಿಸಿದ ಹೊದಿಕೆ, ಜಾಹೀರಾತು, ತೆರಿಗೆ ದಾಖಲೆಗಳನ್ನು ದಿನಾಂಕ ಸಹಿತ ಜೋಪಾನವಾಗಿರಿಸಬೇಕು. ನೋಂದಾಯಿತ ಮಾಲೀಕರ ಬಳಕೆ ಮತ್ತು ನೋಂದಣಿ ಎರಡಕ್ಕಿಂತಲೂ ಮೊದಲಿನಿಂದ ಹೆಸರನ್ನು ಸತತವಾಗಿ ಬಳಸುತ್ತ ಬಂದವರಿಗೆ 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದ 34ನೆಯ ಕಲಂ ರಕ್ಷಣೆ ನೀಡುತ್ತದೆ; ಆ ರಕ್ಷಣೆಗೆ ಈ ದಾಖಲೆಗಳೇ ಆಧಾರ.

3. ವಸ್ತು ಹಾಗೂ ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದೆ. ಸೇವೆಗಳಿಗೂ 2003ರ ಸೆಪ್ಟೆಂಬರ್ 15ರಿಂದ ನೋಂದಣಿ ಸಾಧ್ಯವಾಗಿದೆ. ಆದ್ದರಿಂದ ಉಪ್ಪಿನಕಾಯಿ ತಯಾರಿಸಿ, ಜೊತೆಗೆ ಉಪಾಹಾರ ಗೃಹವನ್ನೂ ನಡೆಸುವವರು ಎರಡಕ್ಕೂ ಪ್ರತ್ಯೇಕವಾಗಿ ನೋಂದಣಿ ಕೋರಬೇಕು.

4. 2017ರ ನಿಯಮಗಳನ್ವಯ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಆನ್‌ಲೈನ್ ಅರ್ಜಿಯ ಶುಲ್ಕ ಪ್ರತಿ ವರ್ಗಕ್ಕೆ 4,500 ರೂ.; ಇತರರಿಗೆ 9,000 ರೂ. ಕರ್ನಾಟಕವು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರಿದೆ. ನೋಂದಣಿಯ ಅವಧಿ 10 ವರ್ಷ, ಬಳಿಕ ನವೀಕರಿಸಿಕೊಳ್ಳಬಹುದು.

5. ಅರ್ಜಿಯು ವ್ಯಾಪಾರ ಚಿಹ್ನೆಗಳ ಪತ್ರಿಕೆಯಲ್ಲಿ ಪ್ರಕಟವಾದ ನಾಲ್ಕು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ತಮ್ಮ ಹೆಸರನ್ನು ಹೋಲುವ ಅರ್ಜಿಗಳ ಮೇಲೆ ನಿಗಾ ಇಡುವುದು ಮಾಲೀಕರದೇ ಹೊಣೆ.

ರಾಜ್ಯಾದ್ಯಂತ ಮನೆಮಾತಾದ ಸಹಕಾರ ಸಂಸ್ಥೆಯೇ ತನ್ನ ಹೆಸರಿನ ಆರಂಭದ ದಿನಗಳ ಖ್ಯಾತಿಯನ್ನು ಸಾಬೀತುಪಡಿಸಲಾಗದೆ ಹೋಯಿತೆಂದ ಮೇಲೆ, ದಾಖಲೆಯಿಲ್ಲದ ಸಣ್ಣ ಉದ್ದಿಮೆಯ ಪಾಡೇನೆಂದು ಊಹಿಸಬಹುದು. ಹೆಸರಿಡುವ ದಿನವೇ ಅದರ ಕಡತವನ್ನೂ ತೆರೆಯುವುದು ಲೇಸು.